ಎಳೆಪಾಕದ ಆಯಿಲ್

ನನ್ನ ಭಾವನವರಿಗೆ ಒಂದು ಅಭ್ಯಾಸವಿದೆ. ಕೈಗೆ ಸಿಕ್ಕ ಯಾವುದೇ ದ್ರವಕ್ಕೆ ಬೆರಳು ಅದ್ದುತ್ತಾರೆ, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕುತ್ತಾರೆ, ಆಮೇಲೆ ಎರಡನ್ನೂ ಮೆಲ್ಲಗೆ ಬಿಡಿಸಿ ಎಳೆ ಬರುತ್ತದೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಎಳೆ ಬಂದರೆ ಮಾಲು ಒಳ್ಳೆಯದು. ಬರದಿದ್ದರೆ ಯಾರೋ ಮೋಸ ಮಾಡಿದ್ದಾರೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಉಡುಪಿ ಕಡೆಯಿಂದ ಬಂದು ಡೊಂಬಿವಲಿ ಪೂರ್ವದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ನಮ್ಮ ಕುಟುಂಬದ ಯಜಮಾನರು. ಹೋಟೆಲಿನ ಅಡುಗೆಮನೆಯಲ್ಲಿ ಆ ಎರಡು ಬೆರಳುಗಳಿಗೆ ನಾನೂ ಕೈಮುಗಿಯುತ್ತೇನೆ. ಮೈಸೂರು ಪಾಕಿನ ಪಾಕ, ಬಾದುಷಾದ ಪಾಕ, ಬೂಂದಿ ಲಾಡಿನ ಒಂದೆಳೆ ಪಾಕ, ಯಾವುದೂ ಅವರ ಕೈಯಲ್ಲಿ ಕೆಟ್ಟದ್ದನ್ನು ನಾನು ಕಂಡಿಲ್ಲ. ಹಾಲಿನವನು ನೀರು ಬೆರೆಸಿದರೆ ಬೆರಳಲ್ಲೇ ಹೇಳುತ್ತಾರೆ. ಸಾಂಬಾರು ತೆಳ್ಳಗಾದ ದಿನ ಗಿರಾಕಿ ಬಾಯಿ ತೆರೆಯುವ ಮೊದಲೇ ಅವರು ಅಡುಗೆಯ ಭಟ್ಟರ ಮೇಲೆ ಹಾರಿಬಿದ್ದಿರುತ್ತಾರೆ. ತೆಳು ಎಂದರೆ ಅವರ ಪಾಲಿಗೆ ಕಳ್ಳತನ, ದಪ್ಪ ಎಂದರೆ ಪ್ರಾಮಾಣಿಕತೆ. ಇಡೀ ಜೀವನ ಅವರು ನೀರಿನ ಜೊತೆಗೇ ಜಗಳವಾಡಿಕೊಂಡು ಬಂದವರು.

ಅದೇ ಬೆರಳುಗಳನ್ನು ನನ್ನ ಟ್ರಕ್ಕಿನ ಇಂಜಿನ್ನಿಗೂ ತಂದರಲ್ಲ, ಅದನ್ನು ನೆನೆದರೆ ಈಗಲೂ ನನ್ನ ಪಿತ್ತ ನೆತ್ತಿಗೇರುತ್ತದೆ.

ನನ್ನ ಟ್ರಕ್ಕು ಎಂದೆ. ಕಾಗದದಲ್ಲಿ ಅದು ಭಾವನವರ ಹೆಸರಿನಲ್ಲಿದೆ. ಮೊದಲು ಓಡಿಸುತ್ತಿದ್ದವರು ನನ್ನ ಗಂಡ. ಅವರನ್ನು ಇಲ್ಲಿ 'ಇವರು' ಎಂದೇ ಬರೆಯುತ್ತೇನೆ, ಮನೆಯಲ್ಲೂ ಹಾಗೇ ಹೇಳಿ ಅಭ್ಯಾಸ. ವಾಶಿಯ ಸಗಟು ಮಾರುಕಟ್ಟೆಯಿಂದ ತರಕಾರಿ, ತೆಂಗಿನಕಾಯಿ, ಬಾಳೆಎಲೆ ತುಂಬಿಕೊಂಡು ನಮ್ಮ ಹೋಟೆಲಿಗೂ, ಕಲ್ಯಾಣ, ಉಲ್ಹಾಸನಗರ, ಬದಲಾಪುರದಲ್ಲಿರುವ ನಮ್ಮೂರ ಕಡೆಯವರ ಹೋಟೆಲುಗಳಿಗೂ ಹಂಚುವುದು ಇವರ ಕೆಲಸವಾಗಿತ್ತು. ಆಗ ನಾನು ಹೋಟೆಲಿನಲ್ಲಿದ್ದೆ. ಬೆಳಿಗ್ಗೆ ಹಿಂದಿನ ಬಾಗಿಲ ಬಳಿ ಕೂತು ಈರುಳ್ಳಿ ಸುಲಿಯುವುದು, ಮಧ್ಯಾಹ್ನ ಭಾವ ಊಟಕ್ಕೆ ಎದ್ದಾಗ ಗಲ್ಲಾದಲ್ಲಿ ಕೂರುವುದು, ಸಂಜೆ ಮತ್ತೆ ಈರುಳ್ಳಿ. ಮನೆಯವಳಾದ್ದರಿಂದ ನನಗೆ ಸಂಬಳವೂ ಇಲ್ಲ, ರಜೆಯೂ ಇಲ್ಲ. ಭಟ್ಟರಿಗೆ ಸಿಟ್ಟು ಬಂದರೆ ಜಗಳವಾಡಿ ಊರಿನ ಬಸ್ಸು ಹತ್ತುತ್ತಿದ್ದರು. ನಾನು ಎಲ್ಲಿಗೆ ಹೋಗಲಿ? ಈರುಳ್ಳಿ ಇದ್ದದ್ದೇ ಒಳ್ಳೆಯದಾಯಿತು, ಕಣ್ಣಲ್ಲಿ ನೀರು ಕಂಡರೆ ಯಾರೂ ಕಾರಣ ಕೇಳುತ್ತಿರಲಿಲ್ಲ.

ಇವರ ಸೊಂಟದ ಡಿಸ್ಕ್ ಜಾರಿತು. ಇನ್ನು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ ಎಂದರು ಡಾಕ್ಟರು. ಬಾಡಿಗೆ ಡ್ರೈವರುಗಳು ಬಂದರು, ಹೋದರು. ಒಬ್ಬನಂತೂ ತೆಂಗಿನಕಾಯಿ ಸಮೇತ ಗಾಡಿಯನ್ನು ಮಹಾಪೆಯ ರಸ್ತೆಬದಿಗೆ ನಿಲ್ಲಿಸಿ ಮದುವೆಗೆಂದು ಹೋದವನು ಫೋನೇ ಎತ್ತಲಿಲ್ಲ. ಆ ದಿನ ಊಟದ ಹೊತ್ತಿಗೆ ನಾನು, "ಗಾಡಿ ನಾನು ಓಡಿಸ್ತೇನೆ" ಎಂದೆ. ಎಲ್ಲರೂ ನಕ್ಕರು. ಇವರು ನಗಲಿಲ್ಲ. ಪಕ್ಕದಲ್ಲಿ ಕೂತು ಕಲಿಸಿದವರು ಇವರೇ, ಅದನ್ನು ಇಲ್ಲ ಎನ್ನುವುದಿಲ್ಲ. ಸದ್ದು ಕೇಳಿ ಗೇರು ಬದಲಿಸುವುದನ್ನು, ಭಾರ ತುಂಬಿದಾಗ ಇಳಿಜಾರಿನಲ್ಲಿ ಬ್ರೇಕನ್ನೇ ನಂಬಬಾರದು ಎನ್ನುವುದನ್ನು ಕಲಿಸಿದರು. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಚಿತ್ರದ ಒಂದು ಕೆಂಪು ದೀಪವಿದೆ. ಬೆಳಿಗ್ಗೆ ಇಂಜಿನ್ ಚಾಲೂ ಮಾಡಿದ ಮೇಲೆ ಅದು ಆರುವವರೆಗೆ ಆಕ್ಸಿಲರೇಟರ್ ಮುಟ್ಟಬಾರದು, ಅದು ಆರಿತೆಂದರೆ ಆಯಿಲ್ ಮೇಲಿನವರೆಗೆ ತಲುಪಿತು ಎಂದರ್ಥ ಎಂದೂ ಇವರೇ ಹೇಳಿಕೊಟ್ಟರು.

ಲೈಸೆನ್ಸ್ ಬಂತು. ವಾಶಿಯ ಮಾಥಾಡಿಗಳು, ಅಂದರೆ ಮೂಟೆ ಹೊರುವವರು, ಮೊದಮೊದಲು ನನ್ನನ್ನು ನೋಡಲೆಂದೇ ಕೆಲಸ ನಿಲ್ಲಿಸುತ್ತಿದ್ದರು. ಆಮೇಲೆ "ವಹಿನಿ, ಗಾಡಿ ಮಾಗೆ ಘ್ಯಾ", ಅತ್ತಿಗೆ, ಗಾಡಿ ಹಿಂದಕ್ಕೆ ತಗೊಳ್ಳಿ, ಎಂದು ಮರಾಠಿಯಲ್ಲಿ ಎಲ್ಲರನ್ನೂ ಕೂಗುವ ಹಾಗೇ ಕೂಗತೊಡಗಿದರು. ನನಗೆ ಅಷ್ಟೇ ಬೇಕಾಗಿತ್ತು. ಆ ಗಾಡಿಯ ಸೀಟಿನಲ್ಲಿ ಕೂತರೆ ನಾನು ಯಾರ ತಮ್ಮನ ಹೆಂಡತಿಯೂ ಅಲ್ಲ. ಅದು ನಿಂತುಹೋದರೆ ಮತ್ತೆ ಆ ಹಿಂದಿನ ಬಾಗಿಲು, ಆ ಈರುಳ್ಳಿಯ ಚೀಲ. ಆದ್ದರಿಂದಲೇ ಆ ಇಂಜಿನ್ನನ್ನು ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡೆ.

ನಮ್ಮ ಗಾಡಿಯ ದುಡಿಮೆ ಎಂಥದ್ದು ಎಂದು ಹೇಳಬೇಕು. ದೂರ ನೋಡಿದರೆ ಏನೂ ಇಲ್ಲ, ನಕಾಶೆಯಲ್ಲಿ ಒಂದು ಗೇಣೂ ಆಗುವುದಿಲ್ಲ. ಆದರೆ ಶಿಲ್‌ಫಾಟಾದ ಜಾಮಿನಲ್ಲಿ ಮೈತುಂಬ ಆಲೂಗಡ್ಡೆ ಹೊತ್ತುಕೊಂಡು ಆಮೆಯಂತೆ ಸರಿಯಬೇಕು, ನಿಲ್ಲಬೇಕು, ಮತ್ತೆ ಸರಿಯಬೇಕು. ಕಲ್ಯಾಣದ ಗಲ್ಲಿಗಳಲ್ಲಿ ಮಾಲು ಇಳಿಸುವಷ್ಟು ಹೊತ್ತೂ ಇಂಜಿನ್ ಗುರುಗುಡುತ್ತಲೇ ಇರುತ್ತದೆ. ಮೀಟರು ಓಡುವುದಿಲ್ಲ, ಇಂಜಿನ್ ಓಡುತ್ತದೆ. ಅದಕ್ಕೇ ಕಿಲೋಮೀಟರು ನೋಡಿ ಆಯಿಲ್ ಬದಲಿಸುವುದೂ ನಮಗೆ ಸಾಲದು, ಅದಕ್ಕಿಂತ ಮೊದಲೇ ಬದಲಿಸಬೇಕು. ಇದನ್ನು ನಾನು ಭಾವನವರಿಗೆ ಹೇಳಿದ್ದೆ. ಅವರು ಟೋಕನ್ ಹರಿಯುವುದನ್ನು ನಿಲ್ಲಿಸಲೂ ಇಲ್ಲ.

ಗಾಡಿಯ ಜೊತೆ ಕಂಪನಿ ಕೊಟ್ಟ ಪುಸ್ತಕವೊಂದಿತ್ತು. ಅದರಲ್ಲಿ ನಮ್ಮ ಇಂಜಿನ್ನಿಗೆ ಹದಿನೈದು ಡಬ್ಲ್ಯು ನಲವತ್ತು ಎಂಬ ಆಯಿಲ್ ಎಂದು ಸ್ಪಷ್ಟವಾಗಿತ್ತು. ಮೊದಲಿನ ಸಂಖ್ಯೆ ಇಂಜಿನ್ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ, ಎರಡನೆಯದು ಕಾದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದಕ್ಕೆ. ಇದರಲ್ಲಿ ತಿಳಿಯದ್ದೇನಿದೆ? ಬದಲಾಪುರದ ಚಳಿಯಲ್ಲಿ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂರುತ್ತದೆ, ಒಗ್ಗರಣೆ ಸೌಟಿನಲ್ಲಿ ಅದೇ ನೀರಾಗುತ್ತದೆ. ಒಂದೇ ಎಣ್ಣೆ. ಅಡುಗೆ ಮಾಡುವ ಯಾವ ಹೆಂಗಸಿಗೂ ಇದು ಅರ್ಥವಾಗುತ್ತದೆ.

ಭಾವನವರಿಗೆ ಅರ್ಥವಾಗಲಿಲ್ಲ. ಒಂದು ಮಧ್ಯಾಹ್ನ ನಾನು ಹೋಟೆಲಿನ ಹಿಂದೆ ಗಾಡಿ ನಿಲ್ಲಿಸಿ, ಇಂಜಿನ್ನಿನ ಅಳತೆಕಡ್ಡಿ ಎಳೆದು ಆಯಿಲ್ ನೋಡುತ್ತಿದ್ದೆ. ಎಲ್ಲಿದ್ದರೋ ಬಂದರು. ಕಡ್ಡಿಯ ತುದಿಗೆ ಬೆರಳು ಹಚ್ಚಿದರು, ತಿಕ್ಕಿದರು, ಬಿಡಿಸಿದರು. ಎಳೆ ಬರಲಿಲ್ಲ.

"ಇದೆಂತ, ನೀರಿನ ಹಾಗೆ ಉಂಟು?" ಎಂದರು.

"ಇಂಜಿನ್ ಬಿಸಿ ಉಂಟಲ್ಲ ಭಾವ. ಬಿಸಿಯಲ್ಲಿ ಎಲ್ಲ ಆಯಿಲೂ ಹೀಗೇ ಇರ್ತದೆ."

"ನಂಗೆ ಪಾಕ ಹೇಳಿಕೊಡ್ತೀಯಾ ನೀನು?"

"ಇದು ಪಾಕ ಅಲ್ಲ ಭಾವ."

"ಎಲ್ಲ ಒಂದೇ ಮಾರಾಯ್ತಿ. ಅಷ್ಟು ಭಾರ ಎಳೆಯುವ ಗಾಡಿ. ಗಂಜಿತೆಳಿ ಕುಡಿದು ಯಾರಾದ್ರೂ ಮೂಟೆ ಹೊರ್ಲಿಕ್ಕೆ ಆಗ್ತದಾ? ಇದಕ್ಕೆ ದಪ್ಪದ್ದು ಬೇಕು. ಅಪ್ಪನ ಗಾಡಿಗೆ ಜೀವಮಾನ ಇಡೀ ದಪ್ಪದ್ದೇ ಹಾಕಿದ್ದು."

ಮಾವನವರ ಗಾಡಿಯ ಕಥೆಯೇ ಬೇರೆ. ಅದು ಹಳೆಯ ಕಾಲದ ಇಂಜಿನ್ನು, ಸವೆದು ಸಂದುಗಳೆಲ್ಲ ದೊಡ್ಡವಾಗಿದ್ದವು. ತೆಳು ಆಯಿಲ್ ಹಾಕಿದರೆ ಕುಡಿದು ಹೊಗೆ ಬಿಡುತ್ತಿತ್ತು. ಅದಕ್ಕೆ ದಪ್ಪದ್ದು ಸರಿಯೇ ಇತ್ತು. ನನ್ನ ಗಾಡಿಯದು ಹೊಸ ಇಂಜಿನ್ನು, ಆಯಿಲ್ ಹರಿಯುವ ದಾರಿಗಳು ಸಣ್ಣ. ಇದಕ್ಕೊಂದು ಟರ್ಬೊ ಇದೆ, ಅಂದರೆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಒಂದು ಪುಟ್ಟ ಚಕ್ರ. ಅದು ತಿರುಗುವ ವೇಗಕ್ಕೆ ಆಯಿಲ್ ತಡವಾಗಿ ತಲುಪಿದರೆ ಒಣಗಿ ಉಜ್ಜಿಕೊಳ್ಳುತ್ತದೆ. ಇದನ್ನೆಲ್ಲ ನಾನು ಅವರಿಗೆ ಅಲ್ಲೇ ನಿಂತು ಹೇಳಿದೆ. ಅವರು ಬೆರಳನ್ನು ಬಾಳೆಎಲೆಗೆ ಒರೆಸಿಕೊಂಡು ಒಳಗೆ ಹೋದರು.

ನಮ್ಮ ಮನೆತನದಲ್ಲಿ ಒಂದು ಕ್ರಮವಿದೆ. ಆಯುಧ ಪೂಜೆಯ ದಿನ ಗಾಡಿಗೆ ಹೊಸ ಆಯಿಲ್ ಹಾಕಬೇಕು, ಅದನ್ನು ಮನೆಯ ಹಿರಿಯ ಗಂಡಸೇ ತನ್ನ ಕೈಯಿಂದ ಹೊಯ್ಯಬೇಕು. ಮಾವನವರು ಹೊಯ್ಯುತ್ತಿದ್ದರಂತೆ, ಅವರ ನಂತರ ಭಾವ. ಅಂದು ಹೋಟೆಲಿನಲ್ಲಿ ರುಬ್ಬುವ ಯಂತ್ರಕ್ಕೆ, ಈಳಿಗೆಮಣೆಗೆ, ತಕ್ಕಡಿಗೆ, ಬಿಲ್ಲಿನ ಯಂತ್ರಕ್ಕೆ ಎಲ್ಲ ಕುಂಕುಮ. ಕೊನೆಗೆ ಎಲ್ಲರೂ ಗಾಡಿಯ ಮುಂದೆ ಸೇರುವುದು. ಹೆಂಗಸರು ಆರತಿ ತಟ್ಟೆ ಹಿಡಿದು ಹಿಂದೆ ನಿಲ್ಲುವುದು.

ಆ ವರ್ಷ ನಾನು ಹದಿನೈದು ನಲವತ್ತರ ಡಬ್ಬವನ್ನು ಮೊದಲೇ ತಂದು ಇವರ ಕೈಯಲ್ಲಿ ಕೊಟ್ಟೆ. "ಪೂಜೆಗೆ ಇದನ್ನೇ ಇಡಿ. ಭಾವ ಹೊಯ್ಯಲಿ, ಬೇಡ ಅನ್ನುದಿಲ್ಲ. ಆದ್ರೆ ಇದನ್ನೇ ಹೊಯ್ಯಲಿ" ಎಂದೆ. ಇವರು ತಲೆಯಾಡಿಸಿದರು. ಪೂಜೆಯ ಹೊತ್ತಿಗೆ ಡಬ್ಬದ ಮೈತುಂಬ ಗಂಧ, ಅದರ ಮೇಲೆ ಅರಿಶಿನ ಕುಂಕುಮ, ಕುತ್ತಿಗೆಗೆ ಚೆಂಡುಹೂವಿನ ಮಾಲೆ. ಹೆಸರು, ಸಂಖ್ಯೆ ಒಂದೂ ಕಾಣುವ ಹಾಗಿರಲಿಲ್ಲ. ಭಾವ ಅದನ್ನು ಎರಡೂ ಕೈಯಲ್ಲಿ ಎತ್ತಿ, ದೇವರಿಗೆ ಅಭಿಷೇಕ ಮಾಡುವವರ ಭಕ್ತಿಯಿಂದ ಹೊಯ್ದರು. ನಾನೂ ಹಿಂದೆ ನಿಂತು ಕೈಮುಗಿದೆ.

ಮರುದಿನ ಬೆಳಿಗ್ಗೆ ಇಂಜಿನ್ ಚಾಲೂ ಮಾಡಿದರೆ ಆ ಕೆಂಪು ಗಿಂಡಿ ಆರಲಿಲ್ಲ. ನಾನು ಕಾದೆ. ಎಂದಿನಂತೆ ಕೂಡಲೇ ಆರುವ ಬದಲು ತಡೆದು ತಡೆದು, ಮನಸ್ಸಿಲ್ಲದ ಹಾಗೆ ಆರಿತು. ಚಳಿ ಬಂದ ಮೇಲೆ ಇನ್ನೂ ತಡವಾಯಿತು. ಇವರನ್ನು ಕೇಳಿದೆ. "ಹೊಸ ಆಯಿಲ್ ಅಲ್ವಾ, ಹಾಗೇ ಇರ್ತದೆ" ಎಂದರು. ನನಗೆ ಇಂಜಿನ್ನು ಕಲಿಸಿದವರು ಹೇಳಿದ ಮಾತು, ನಂಬಿದೆ.

ಹೋಳಿಗೆ ಸ್ವಲ್ಪ ಮೊದಲು, ಶಿಲ್‌ಫಾಟಾದ ಹತ್ತಿರ, ಏರಿನಲ್ಲಿ ಗಾಡಿ ಎಳೆಯುವುದನ್ನು ನಿಲ್ಲಿಸಿತು. ಅದಕ್ಕೂ ಮೊದಲು ಬಾನೆಟ್ಟಿನ ಒಳಗಿಂದ ಕುಕ್ಕರಿನ ಸೀಟಿಯಂಥ ಸಣ್ಣ ಕಿರುಚಾಟ ಕೇಳಿತ್ತು. ಹಿಂದೆ ನೀಲಿ ಹೊಗೆ, ಅದರ ಹಿಂದೆ ಕಣ್ಣು ಹರಿದಷ್ಟು ದೂರ ಹಾರ್ನು. ಹವಾಲ್ದಾರ ಬಂದವನು ನನ್ನ ಮುಖ ನೋಡಿ, ಸೀಟಿನ ಆಚೆ ಇಣುಕಿ ನೋಡಿ, "ಡ್ರೈವರ್ ಕುಠೇ ಆಹೆ?" ಎಂದ. ಡ್ರೈವರ್ ಎಲ್ಲಿ ಎಂದು, ಸ್ಟೇರಿಂಗ್ ಹಿಡಿದು ಕೂತ ನನ್ನನ್ನೇ ಕೇಳುತ್ತಾನೆ! "ಮೀಚ್ ಡ್ರೈವರ್", ನಾನೇ ಡ್ರೈವರ್, ಎಂದು ನಾನು ಕಿರುಚಿದ್ದು ಆಚೆ ಬಸ್ಸಿನವರಿಗೂ ಕೇಳಿರಬೇಕು. ಗಾಡಿಯನ್ನು ಬದಿಗೆ ತಳ್ಳಿಸಿದರು. ಬಿಸಿಲೇರಿತು. ಕೊತ್ತಂಬರಿ ಸೊಪ್ಪು ಬಾಡಿ ಕಟ್ಟಿನಲ್ಲೇ ಮಲಗಿತು, ಬಾಳೆಎಲೆ ಅಂಚಿನಿಂದ ಸುರುಳಿಯಾಯಿತು. ಒಂದೊಂದೇ ಹೋಟೆಲಿನಿಂದ ಫೋನು ಬರತೊಡಗಿತು. ಕ್ರೇನು ಬರುವಷ್ಟರಲ್ಲಿ ನನಗೆ ಅಳುವೂ ಬತ್ತಿಹೋಗಿತ್ತು.

ಕಲ್ಯಾಣದ ಗ್ಯಾರೇಜಿಗೆ ಇವರೂ ಸೊಂಟದ ಬೆಲ್ಟ್ ಬಿಗಿದುಕೊಂಡು ರಿಕ್ಷಾದಲ್ಲಿ ಬಂದರು. ಗ್ಯಾರೇಜಿನ ಮಾಲಕ ಇಂಜಿನ್ ಬಿಚ್ಚುವಾಗ ಉದ್ದಕ್ಕೂ ಇವರ ಜೊತೆಗೇ ಮಾತಾಡಿದ. ಗಾಡಿ ಓಡಿಸಿದವಳು ನಾನು, ಸದ್ದು ಕೇಳಿದವಳು ನಾನು. ಅವನ ಕಣ್ಣಿಗೆ ನಾನು ಊಟದ ಡಬ್ಬಿ ತಂದವಳು. ಟರ್ಬೊ ತೆಗೆದು ಅದರ ಅಕ್ಷವನ್ನು ಅಲ್ಲಾಡಿಸಿ ತೋರಿಸಿದ, ಸವೆದು ಲಟಪಟ ಎನ್ನುತ್ತಿತ್ತು. ಕೆಳಗಿನ ಬೋಲ್ಟು ಬಿಚ್ಚಿ ಆಯಿಲ್ ಇಳಿಸಿದ. ಅದು ಟ್ರೇಗೆ ಬಿದ್ದ ರೀತಿ ನೋಡಿಯೇ ಕೇಳಿದ, "ಭಾಯೀಸಾಬ್, ಇತ್ನಾ ಗಾಢಾ ತೇಲ್ ಕಿಸ್ನೆ ಡಾಲಾ?" ಇಷ್ಟು ದಪ್ಪದ ಆಯಿಲ್ ಯಾರು ಹಾಕಿದ್ದು ಎಂದು.

"ದಪ್ಪದ್ದು ಅಲ್ಲ, ಹದಿನೈದು ನಲವತ್ತು" ಎಂದು ನಾನು ಹಿಂದಿಯಲ್ಲಿ ಹೇಳಿದೆ. ಅವನು ಇವರ ಮುಖ ನೋಡಿದ. ನಾನೂ ನೋಡಿದೆ. ಇವರು ಗ್ಯಾರೇಜಿನ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು.

ಮನೆಗೆ ಬಂದು ಕೇಳಿದಾಗ ಬಾಯಿಬಿಟ್ಟರು. ಪೂಜೆಯ ಹಿಂದಿನ ದಿನ ಭಾವ ನನ್ನ ಡಬ್ಬ ತೆರೆದು, ಬೆರಳದ್ದಿ, ಇದು ನೀರು ಎಂದಿದ್ದರು. ಉಲ್ಹಾಸನಗರಕ್ಕೆ ಹೋಗಿ ಇಪ್ಪತ್ತು ಡಬ್ಲ್ಯು ಐವತ್ತು ತಾ ಎಂದಿದ್ದರು. ಐವತ್ತು ಎಂದರೆ ನಲವತ್ತಕ್ಕಿಂತ ದೊಡ್ಡದಲ್ಲವೇ, ಅದಕ್ಕೆ. ಇವರು ಹೋಗಿ ತಂದರು. ನನ್ನ ಡಬ್ಬ ಹೋಟೆಲಿನ ಗೋದಾಮಿನಲ್ಲಿ ಶೇಂಗಾ ಎಣ್ಣೆಯ ಡಬ್ಬಗಳ ಹಿಂದೆ ಕೂತಿತ್ತು.

"ಅದು ಈ ಇಂಜಿನ್ನಿಗೆ ಆಗುದಿಲ್ಲ ಅಂತ ನಿಮಗೆ ಗೊತ್ತಿತ್ತಾ ಇಲ್ವಾ?" ಎಂದೆ.

"ಗೊತ್ತಿತ್ತು."

"ಮತ್ತೆ?"

"ಅಣ್ಣನ ಎದುರು ಹೇಗೆ ಹೇಳುದು?"

ನನ್ನ ಮೈಯೆಲ್ಲ ಉರಿದುಹೋಯಿತು. ಬೇರೆ ಯಾರಾದರೂ ಆಗಿದ್ದರೆ ತಿಳಿಯದೆ ಮಾಡಿದರು ಎನ್ನಬಹುದಿತ್ತು. ಆ ಕೆಂಪು ದೀಪದ ಅರ್ಥ ನನಗೆ ಹೇಳಿಕೊಟ್ಟವರೇ ಇವರು. ದಿನಾ ಬೆಳಿಗ್ಗೆ ಕಿಟಕಿಯಲ್ಲಿ ನಿಂತು ನಾನು ಗಾಡಿ ಚಾಲೂ ಮಾಡುವುದನ್ನು ನೋಡುತ್ತಿದ್ದರು, ಒಳಗೆ ಏನು ಸವೆಯುತ್ತಿದೆ ಎಂದು ಗೊತ್ತಿದ್ದೂ ಚಹಾ ಕುಡಿಯುತ್ತಿದ್ದರು. ಅಣ್ಣನ ಮೇಲಿನ ಗೌರವವಂತೆ. ಆ ಗೌರವಕ್ಕೆ ಬಲಿಯಾಗಲು ನನ್ನ ಇಂಜಿನ್ನೇ ಬೇಕಾಗಿತ್ತೇ?

ಗಾಡಿ ಗ್ಯಾರೇಜಿನಲ್ಲಿದ್ದಷ್ಟು ದಿನ ನಾನು ಮತ್ತೆ ಹೋಟೆಲಿನಲ್ಲಿದ್ದೆ. ಈರುಳ್ಳಿ, ಗಲ್ಲಾ, ಈರುಳ್ಳಿ. ಭಾವ ಬಲು ಖುಷಿಯಲ್ಲಿದ್ದರು. "ಮನೆಯವರು ಗಲ್ಲಾದಲ್ಲಿ ಕೂತರೆ ಅದರ ಗತ್ತೇ ಬೇರೆ" ಎಂದು ಗಿರಾಕಿಗಳ ಎದುರು ಹೇಳುತ್ತಿದ್ದರು. ಇಂಜಿನ್ ಹೋದ ಗೂಬೆಯನ್ನು ನನ್ನ ತಲೆಯ ಮೇಲೆ ಕೂರಿಸಿದ್ದರು. ಹೆಂಗಸರಿಗೆ ಕ್ಲಚ್ಚಿನ ಅಂದಾಜಿರುವುದಿಲ್ಲ, ಏರಿನಲ್ಲಿ ಹೆದರಿ ಹಿಂಡುತ್ತಾರೆ ಎಂದು ಭಟ್ಟರಿಗೆ, ಗಿರಾಕಿಗೆ, ಊರಿನ ಫೋನಿಗೆಲ್ಲ ಹೇಳಿದರು. ಕ್ಲಚ್ಚಿಗೂ ಟರ್ಬೊಗೂ ಏನು ಸಂಬಂಧ ಎಂದು ಕೇಳಿದವಳು ನಾನೊಬ್ಬಳೇ. "ಭಾವ, ಆಯಿಲಿಂದ ಹೋದದ್ದು, ಗ್ಯಾರೇಜಿನವರೂ ಅದನ್ನೇ ಹೇಳಿದ್ದು" ಎಂದು ಊಟಕ್ಕೆ ಕೂತಾಗ ಹೇಳಿದೆ, ಗಲ್ಲಾದಲ್ಲಿ ಹೇಳಿದೆ, ಅಕ್ಕನ ಎದುರು ಹೇಳಿದೆ. ಅಕ್ಕ ಎಂದರೆ ಭಾವನವರ ಹೆಂಡತಿ. "ಗ್ಯಾರೇಜಿನವರು ಬಾಯಿಗೆ ಬಂದದ್ದು ಹೇಳ್ತಾರೆ" ಎಂದು ಭಾವ ಸಾರು ಬಡಿಸಿಕೊಂಡರು. ಇವರು ಪಕ್ಕದಲ್ಲೇ ಕೂತು ಅನ್ನ ಕಲಸುತ್ತಿದ್ದರು.

ಗಾಡಿ ರಿಪೇರಿಯಾಗಿ ಬಂತು. ನಾನು ಸರಿಯಾದ ಆಯಿಲ್ ಹಾಕಿಸಿ ಮತ್ತೆ ವಾಶಿಯ ದಾರಿ ಹಿಡಿದೆ. ಆದರೆ ಭಾವ ತೀರ್ಮಾನ ಮಾಡಿಯಾಗಿತ್ತು. ನವರಾತ್ರಿ ಹತ್ತಿರ ಬಂದಾಗ ಹೇಳಿದರು, "ಈ ಸಲ ಆಯುಧ ಪೂಜೆ ಮುಗಿಸಿ ಗಾಡಿ ಕೊಟ್ಟುಬಿಡುವ. ಉಲ್ಹಾಸನಗರದಲ್ಲಿ ಗಿರಾಕಿ ಉಂಟು. ನಿಂಗೂ ಈ ಬಿಸಿಲಲ್ಲಿ ಅಲೆಯುದು ಬೇಡ. ಆರಾಮ ಗಲ್ಲಾ ನೋಡಿಕೋ."

ಆರಾಮ! ನಾನು ಇವರ ಹತ್ತಿರ ಹೋಗಿ ಒಂದೇ ಮಾತು ಕೇಳಿದೆ. "ನಿಮ್ಮ ಅಣ್ಣನಿಗೆ ನಿಜ ಹೇಳಿ. ಇಂಜಿನ್ ಹೋದದ್ದು ನನ್ನಿಂದ ಅಲ್ಲ ಅಂತ ಹೇಳಿ. ಸಾಕು." ಇವರು ಹೇಳುತ್ತೇನೆ ಎಂದರು. ನವರಾತ್ರಿಯ ದಿನಗಳು ಒಂದೊಂದಾಗಿ ಕಳೆದವು. ದಿನಾ ನಾನು ಇವರ ಮುಖ ನೋಡುವುದು, ಇವರು ಸೊಂಟ ಹಿಡಿದುಕೊಳ್ಳುವುದು.

ಆಯುಧ ಪೂಜೆಯ ಬೆಳಿಗ್ಗೆ ಹೋಟೆಲಿನ ಹಿಂದೆ ಎಲ್ಲರೂ ಸೇರಿದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಹಳೆಯ ಆಯಿಲನ್ನು ಹಿಂದಿನ ಸಂಜೆ ಗ್ಯಾರೇಜಿನಲ್ಲಿ ಇಳಿಸಿ, ಗಾಡಿಯನ್ನು ಕ್ರಮದ ಪ್ರಕಾರ ಇಲ್ಲಿಗೆ ಎಳೆಸಿ ತಂದಾಗಿತ್ತು. ಭಾವ ಡಬ್ಬ ಹಿಡಿದು ಬಂದರು. ಮತ್ತೆ ಅದೇ ಗಂಧ, ಅದೇ ಕುಂಕುಮ, ಅದೇ ಚೆಂಡುಹೂವು. ನಾನು ಆರತಿ ತಟ್ಟೆಯನ್ನು ಅಕ್ಕನ ಕೈಗೆ ಕೊಟ್ಟು ಮುಂದೆ ಹೋದೆ. ಹೂವನ್ನು ಸರಿಸಿ, ಸೆರಗಿನಿಂದ ಕುಂಕುಮ ಒರೆಸಿದೆ. ಇಪ್ಪತ್ತು ಡಬ್ಲ್ಯು ಐವತ್ತು.

ನಾನು ಇಂಜಿನ್ನಿನ ಆಯಿಲ್ ಹೊಯ್ಯುವ ಬಾಯಿಯ ಮೇಲೆ ಅಂಗೈ ಇಟ್ಟೆ.

"ಕೈ ತೆಗಿ" ಎಂದರು ಭಾವ.

"ತೆಗೆಯುದಿಲ್ಲ. ನಾನು ತಂದದ್ದು ಸೀಟಿನ ಮೇಲುಂಟು. ನಾನೇ ಹೊಯ್ತೇನೆ."

"ಹೆಂಗಸರು ಹೊಯ್ಯುವ ಕ್ರಮ ನಮ್ಮಲ್ಲಿಲ್ಲ."

"ದೇವರ ದೀಪಕ್ಕೆ ದಿನಾ ಎಣ್ಣೆ ಹೊಯ್ಯುದು ಯಾರು ಭಾವ?"

ಭಟ್ಟರು ಬೂದುಗುಂಬಳಕಾಯಿ ಹಿಡಿದುಕೊಂಡು ಆಚೆ 'ಇದು ನಮಗೆ ಸಂಬಂಧಿಸಿದ್ದಲ್ಲ' ಎಂಬಂತೆ ನಿಂತಿದ್ದರು. ಭಾವನವರ ಮುಖ ಕೆಂಪಾಯಿತು.

"ಇಂಜಿನ್ ಹಾಳು ಮಾಡಿದವಳು ನೀನು. ಮೇಲಿಂದ ಮಾತು ಬೇರೆ. ಗಾಡಿ ಹೇಗೂ ನಾಡಿದ್ದು ಹೋಗುದೇ, ಇವತ್ತೊಂದು ದಿನ ಸುಮ್ಮನಿರು" ಎಂದು ಇವರ ಕಡೆಗೆ ತಿರುಗಿ ಗದರಿದರು, "ನೀನೆಂತ ನೋಡುದು? ಹೇಳು ಇವಳಿಗೆ."

ಇವರು ಪ್ಲಾಸ್ಟಿಕ್ ಕುರ್ಚಿಯ ಹಿಡಿಕೆಗೆ ಕೈಯೂರಿ ಎದ್ದರು. ನೆಲ ನೋಡಿಕೊಂಡೇ ಹೇಳಿದರು, "ಅಣ್ಣ, ಅವಳಿಂದ ಅಲ್ಲ. ಆಯಿಲಿಂದಲೇ ಹೋದದ್ದು. ಈ ಇಂಜಿನ್ನಿಗೆ ಇಷ್ಟು ದಪ್ಪ ಆಗುದಿಲ್ಲ. ತರುವಾಗಲೇ ನಂಗೆ ಗೊತ್ತಿತ್ತು."

ಈಗ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡೆ. ಭಾವ ಡಬ್ಬವನ್ನು ಕೆಳಗಿಟ್ಟರು.

"ಹೌದಾ?" ಎಂದರು. ಅಷ್ಟೇ. ಆಮೇಲೆ, "ಗೊತ್ತಿದ್ರೆ ಹೇಳ್ಬಾರ್ದಿತ್ತಾ ಮಾರಾಯ? ನಾನೇನು ಇಂಜಿನ್ ಕಲಿತವನಾ? ನೀನು ಹೇಳಿದ್ರೆ ನಾನು ಕೇಳ್ತಿರ್ಲಿಲ್ವಾ?"

ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಇಷ್ಟೇನಾ? ಇದನ್ನೇ ಅಲ್ಲವೇ ನಾನು ಹೋಳಿಯಿಂದ ದಸರೆಯವರೆಗೆ ಗಂಟಲು ಹರಿಯುವ ಹಾಗೆ ಹೇಳಿದ್ದು? ಇದೇ ಆಯಿಲ್, ಇದೇ ಇಂಜಿನ್, ಇದೇ ಮಾತು. ಪುಸ್ತಕ ಹಿಡಿದು ಹೇಳಿದೆ, ಸವೆದ ಟರ್ಬೊವನ್ನು ಗೋಣಿಯಲ್ಲಿ ಕಟ್ಟಿ ತಂದು ಗಲ್ಲಾದ ಮೇಲಿಟ್ಟು ಹೇಳಿದೆ. ಅದು ಗೊಣಗಾಟ. ಇವರು ಒಮ್ಮೆ, ಮುಖವನ್ನೂ ಎತ್ತದೆ ಹೇಳಿದರು. ಅದು ಸತ್ಯ. ಭಾವ ಕೆಟ್ಟವರಾಗಿದ್ದರೆ, ಹಟಮಾರಿಯಾಗಿ ಡಬ್ಬ ಹೊಯ್ದುಬಿಟ್ಟಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವರು ಕೇಳುವ ಮನುಷ್ಯರೇ. ನನ್ನಿಂದ ಕೇಳುವುದಿಲ್ಲ, ಅಷ್ಟೇ. ಇವರಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಆ ಒಂದು ಮಾತನ್ನು ಇಷ್ಟು ದಿನ ಬಾಯೊಳಗೇ ಬಚ್ಚಿಟ್ಟುಕೊಂಡು ಕೂತಿದ್ದರು.

ನಾನು ನನ್ನ ಡಬ್ಬ ತಂದು ಹೊಯ್ದೆ. ಯಾರೂ ತಡೆಯಲಿಲ್ಲ. ಭಾವ ತಡೆದುಕೊಳ್ಳಲಾಗದೆ ಡಬ್ಬದ ಅಂಚಿನ ಹನಿಯೊಂದನ್ನು ಬೆರಳಿಗೆ ಹಚ್ಚಿಕೊಂಡು ಬಿಡಿಸಿ ನೋಡಿದರು. "ಅವನು ಹೇಳಿದ ಮೇಲೆ ಸರಿ ಇರ್ಬೇಕು" ಎಂದು ಕುಂಬಳಕಾಯಿ ಒಡೆಸಲು ಹೋದರು. ನಾನು ಕೀ ತಿರುಗಿಸಿದೆ. ಹೊಸ ಆಯಿಲ್ ಮೇಲೇರುವಷ್ಟು ಹೊತ್ತು ಮಿನುಗಿ ಕೆಂಪು ಗಿಂಡಿ ಆರಿತು. ಭಾವ ಅಲ್ಲೇ ನಿಂತು ಉಲ್ಹಾಸನಗರದ ಗಿರಾಕಿಗೆ ಫೋನ್ ಮಾಡಿ, ಗಾಡಿ ಕೊಡುವುದಿಲ್ಲ, ತಮ್ಮ ಬೇಡ ಎಂದ ಎಂದು ಹೇಳಿದರು.

ಆ ದಿನದ ಊಟದಲ್ಲಿ ಎಲ್ಲರೂ ಇವರನ್ನು ಹೊಗಳಿದರು. ಎಷ್ಟಾದರೂ ಸತ್ಯ ಹೇಳಿದ, ಹೆಂಡತಿಯ ಪರ ನಿಂತ ಎಂದರು. ಅಕ್ಕ ಇವರ ಎಲೆಗೆ ಎರಡನೇ ಸಲ ಪಾಯಸ ಬಡಿಸಿದರು. ಇವರು ಬೇಡ ಬೇಡ ಎನ್ನುತ್ತಲೇ ಉಂಡರು. ಹಿಂದಿನ ರಸ್ತೆಯಲ್ಲಿ ಅಂಗೈ ಇಟ್ಟು ನಿಂತವಳು ಯಾರು ಎಂದು ಯಾರಿಗೂ ನೆನಪಾಗಲಿಲ್ಲ. ನಾನು ನನ್ನ ಎಲೆ ಮಡಿಸಿ ಎದ್ದೆ.

ಗಾಡಿ ನನ್ನ ಕೈಯಲ್ಲೇ ಉಳಿಯಿತು. ಈಗ ನಾನು ಹೇಳಿದಾಗ ಆಯಿಲ್ ಬದಲಾಗುತ್ತದೆ, ಪೂಜೆಗೆ ಕಾಯುವುದಿಲ್ಲ. ಇಂಜಿನ್ನು ಚೆನ್ನಾಗಿದೆ. ಇವರ ಜೊತೆ ಮಾತಾಡುತ್ತೇನೆ, ಚಹಾ ಮಾಡಿಕೊಡುತ್ತೇನೆ, ಸೊಂಟಕ್ಕೆ ಎಣ್ಣೆ ಹಚ್ಚುತ್ತೇನೆ. ಕ್ಷಮಿಸಿದ್ದೇನೆ ಎಂದು ಮಾತ್ರ ಯಾರೂ ತಿಳಿಯಬಾರದು.

ಮೊನ್ನೆ ಭಾವ ಹೋಟೆಲಿನ ಪಾರ್ಸೆಲ್ಲಿಗೆಂದು ಒಂದು ವ್ಯಾನು ತೆಗೆದುಕೊಂಡರು. ಇವರಿಗೆ ಫೋನ್ ಮಾಡಿದರು. ಇವರು ಫೋನನ್ನು ಕೈಯಿಂದ ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ಪಿಸುಗುಟ್ಟಿದರು, "ವ್ಯಾನಿಗೆ ಯಾವ ಆಯಿಲ್ ಅಂತ ಅಣ್ಣ ಕೇಳ್ತಾರೆ, ಎಂತ ಹೇಳ್ಲಿ?"

"ಇಲ್ಲಿ ಕೊಡಿ" ಎಂದು ಫೋನ್ ಕಿತ್ತುಕೊಂಡೆ. "ಹೇಳಿ ಭಾವ, ನಾನು."

"ನೀನಾ? ಅವನಿಗೆ ಕೊಡು ಮಾರಾಯ್ತಿ. ಆಯಿಲಿಂದು ಒಂದು ಕೇಳ್ಲಿಕ್ಕಿತ್ತು."

ನಾನು ಫೋನ್ ಕಟ್ ಮಾಡಿ ಇವರ ಕೈಯಲ್ಲಿಟ್ಟೆ. ವ್ಯಾನಿಗೆ ಯಾವ ಆಯಿಲ್ ಹಾಕಿದರೋ ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ.